ಮಳೆ ರಜೆಯಿಂದ ಶುರು ಮಾಡಿ: ಪುಟ್ಟ ಮಕ್ಕಳಿಗೆ ಸರ್ಕಾರ, ಕಾನೂನು ಹೇಳಿಕೊಡುವ ದಾರಿ

ಕೊಡಗಿನ ಮಕ್ಕಳಿಗೆ ಪ್ರಧಾನಿ, ಮುಖ್ಯಮಂತ್ರಿಗಿಂತ ಮೊದಲು ಗೊತ್ತಾಗುವ ಸರ್ಕಾರ ಅಂದರೆ ಡಿಸಿ. ಜುಲೈನಲ್ಲಿ ಸಂಜೆ ಐದಾದರೆ ಸಾಕು, ನೆನೆದ ಕೊಡೆ ಮೂಲೆಗಿಟ್ಟು ನಮ್ಮ ಲೈಬ್ರರಿಯೊಳಗೆ ಬರುವ ಮಕ್ಕಳು ಪುಸ್ತಕ ಕೇಳುವುದಿಲ್ಲ. "ಅಕ್ಕಾ, ನಾಳೆ ಡಿಸಿ ರಜೆ ಕೊಟ್ರಾ? ಮೊಬೈಲ್ ನೋಡಿ" ಅನ್ನುತ್ತಾರೆ.

ನಾನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಹೆಸರು ಅರಿವು ಕೇಂದ್ರ, ಎಲ್ಲರ ಬಾಯಲ್ಲಿ ಈಗಲೂ ಲೈಬ್ರರಿಯೇ. ಮಡಿಕೇರಿ–ಕುಶಾಲನಗರ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಶಾಲೆ ಬಿಟ್ಟ ಮೇಲೆ ಹದಿನೈದು ಮಕ್ಕಳು ಸೇರುತ್ತಾರೆ. ಮನೆಯಲ್ಲಿ ಕೆಲವರು ಕೊಡವ ತಕ್ಕ್ ಆಡುತ್ತಾರೆ, ಕೆಲವರು ಅರೆಭಾಷೆ, ಕೆಲವರು ಮಲಯಾಳಂ. ತೋಟದ ಲೈನ್ ಮನೆಯಿಂದ (ಕಾರ್ಮಿಕರ ಸಾಲುಮನೆ) ಬರುವ ಇಬ್ಬರ ಅಪ್ಪ ಅಮ್ಮ ಅಸ್ಸಾಮಿನವರು.

ಇವರಿಗೆ ಸರ್ಕಾರ ಅಂದರೇನು ಅಂತ ಹೇಳಲು ಹೋಗಿ ಮೊದಲ ವರ್ಷ ಪೂರ್ತಿ ಸೋತೆ. ದೊಡ್ಡ ಚಾರ್ಟ್ ಬರೆದು ಮೇಲೆ ರಾಷ್ಟ್ರಪತಿ, ನಡುವೆ ಮುಖ್ಯಮಂತ್ರಿ, ಕೆಳಗೆ ಪಂಚಾಯಿತಿ ಅಂತ ಬಾಣ ಎಳೆದಿದ್ದೆ. ಎರಡನೇ ಕ್ಲಾಸಿನ ಹುಡುಗಿ ಕೇಳಿದಳು: "ಕೆಳಗಿರೋರು ಏನು ತಪ್ಪು ಮಾಡಿದ್ರು ಅಕ್ಕಾ?" ಚಾರ್ಟ್ ಸುತ್ತಿ ಬೀರುವಿನ ಮೇಲಿಟ್ಟೆ. ಈಗಲೂ ಅಲ್ಲೇ ಇದೆ.

ಆಮೇಲೆ ಒದ್ದಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕರಿಂದ ಹತ್ತು ವರ್ಷದ ಮಕ್ಕಳಿಗೆ ಆಗುತ್ತದೆ. ಅಂಗನವಾಡಿಯಲ್ಲೂ ಮಾಡಬಹುದು, ಮನೆಯಲ್ಲೂ ಮಾಡಬಹುದು. ಒಂದು ವಿಷಯ ಮಾತ್ರ ಶುರುವಿನಲ್ಲೇ ಹೇಳುತ್ತೇನೆ. ನಿಯಮ ಹೇಳುವಾಗ ಅದನ್ನು ಯಾರು ಮಾಡಿದರು, ಯಾಕೆ ಮಾಡಿದರು, ಸರಿಯಿಲ್ಲ ಅನ್ನಿಸಿದರೆ ಯಾರನ್ನು ಕೇಳಬೇಕು ಅನ್ನುವುದನ್ನೂ ಹೇಳಿ. ಬರೀ "ಹಾಗೆ ಮಾಡಬಾರದು" ಅಂದರೆ ಮಗು ಕಲಿಯುವುದು ಸಿಕ್ಕಿಬೀಳದೆ ಇರುವುದನ್ನು.

ಹೆಜ್ಜೆ 1: ರಜೆ ಕೊಟ್ಟವರು ಯಾರು, ಯಾಕೆ?

ಒಂದು ನೇರ ಗೋಡೆಯ ಡಬ್ಬಿ ಮತ್ತು ಸ್ಕೇಲು ತೆಗೆದುಕೊಳ್ಳಿ. ಅಂಗಳದಲ್ಲಿ, ಮರದ ಹನಿ ಬೀಳದ ಜಾಗದಲ್ಲಿಡಿ. ಬೆಳಿಗ್ಗೆ ನೀರಿನ ಎತ್ತರ ಅಳೆದು ಕ್ಯಾಲೆಂಡರಿನಲ್ಲಿ ಬರೆಯಲಿ. ನಮ್ಮ ಕಡೆ ತೋಟದವರು ಮಳೆಯನ್ನು ಇಂಚಿನಲ್ಲೇ ಹೇಳುತ್ತಾರಲ್ವಾ, ಮಕ್ಕಳಿಗೂ ಆ ಲೆಕ್ಕ ಗೊತ್ತಿರುತ್ತದೆ. 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಬೀಳಬಹುದು ಅಂತ ಕಂಡಾಗ ಹವಾಮಾನ ಇಲಾಖೆ ಸಾಮಾನ್ಯವಾಗಿ ರೆಡ್ ಅಲರ್ಟ್ ಕೊಡುತ್ತದೆ. ಅಂದರೆ ಸುಮಾರು ಎಂಟು ಇಂಚು. ಡಬ್ಬಿಯಲ್ಲಿ ಎಂಟು ಇಂಚಿಗೆ ಕೆಂಪು ಗೆರೆ ಎಳೆಯಿರಿ.

ಈಗ ಆಟ. ಒಬ್ಬರು ಡಿಸಿ, ಒಬ್ಬರು ತಹಶೀಲ್ದಾರ್, ಒಬ್ಬರು ಹೆಡ್‌ಮಾಸ್ಟರ್, ಒಬ್ಬರು ಬಸ್ ಡ್ರೈವರ್. ಒಬ್ಬರನ್ನು ತೋಡು, ಅಂದರೆ ಹಳ್ಳ, ಮಾಡಿ. (ತೋಡಾಗಲು ನಮ್ಮಲ್ಲಿ ಜಗಳವೇ ಆಗುತ್ತದೆ, ಕಿರುಚಬಹುದಲ್ಲ.) ತೋಡು ಎಷ್ಟು ತುಂಬಿದೆ ಅಂತ ತಹಶೀಲ್ದಾರ್ ನೋಡಿ ಬರಬೇಕು. ಬಸ್ ಹೋಗುತ್ತದಾ ಅಂತ ಡ್ರೈವರ್ ಹೇಳಬೇಕು. ಎಲ್ಲರ ಮಾತು ಕೇಳಿ ಡಿಸಿ ತೀರ್ಮಾನ ಮಾಡಬೇಕು.

ಮೊದಲ ಸಲ ಆಡಿದಾಗ ನಮ್ಮ ಡಿಸಿ ಯಾರ ಮಾತೂ ಕೇಳದೆ "ಒಂದು ವಾರ ರಜೆ!" ಅಂದ. ಎಲ್ಲರೂ ಚಪ್ಪಾಳೆ. ಲೈನ್ ಮನೆಯ ಹುಡುಗ ಒಬ್ಬನೇ ಸುಮ್ಮನಿದ್ದ. "ರಜೆ ಆದ್ರೆ ಬಿಸಿಯೂಟ ಇಲ್ಲ" ಅಂದ. ಡಿಸಿಯ ಮುಖ ನೋಡಬೇಕಿತ್ತು. ಸ್ವಲ್ಪ ಹೊತ್ತು ಯೋಚಿಸಿ, "ಒಂದು ದಿನ. ನಾಳೆ ಮತ್ತೆ ನೋಡ್ತೇನೆ" ಅಂದ. ಒಂದು ಆದೇಶದಿಂದ ಯಾರಿಗೆ ಒಳ್ಳೆಯದು, ಯಾರಿಗೆ ಕಷ್ಟ ಅನ್ನುವುದನ್ನು ನಾನು ಚಾರ್ಟ್ ಹಿಡಿದು ಒಂದು ವರ್ಷ ಹೇಳಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ದೊಡ್ಡ ಮಕ್ಕಳಿಗೆ ಇನ್ನೂ ಸ್ವಲ್ಪ ಹೇಳಿ. ಡಿಸಿಗೆ ಮನಸ್ಸು ಬಂದಾಗಲೆಲ್ಲ ರಜೆ ಕೊಡಲು ಆಗುವುದಿಲ್ಲ. ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರು ಅಧ್ಯಕ್ಷರು, ಆ ಹೊಣೆ 2005ರ ಕಾಯ್ದೆಯಿಂದ ಬಂದದ್ದು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ್ದನ್ನು ಮನೆಯಲ್ಲಿ ಯಾರಾದರೂ ನೋಡಿದ್ದರೆ ಅವರಿಂದಲೇ ಹೇಳಿಸಿ. ಆದರೆ ಮಲಗುವ ಮುಂಚೆ ಬೇಡ. ರಾತ್ರಿ ಮಳೆ ಜೋರಾದರೆ ಮಕ್ಕಳು ಹೆದರುತ್ತಾರೆ.

ಮಳೆಗಾಲದಲ್ಲಿ ಹಳೇ ವರ್ಷದ ರಜೆ ಆದೇಶ ವಾಟ್ಸಾಪಿನಲ್ಲಿ ಮತ್ತೆ ತಿರುಗುವುದು ನಮಗೆಲ್ಲ ಗೊತ್ತೇ ಇದೆ. ಅದನ್ನೂ ಪಾಠ ಮಾಡಿಕೊಳ್ಳಿ. ತಾರೀಕು ಇದೆಯಾ? ಯಾವ ವರ್ಷದ್ದು? ಸಹಿ ಯಾರದ್ದು? ಏಳು ವರ್ಷದ ಮಗು ಇಷ್ಟನ್ನು ಹುಡುಕಬಲ್ಲದು. ನಮ್ಮ ಗ್ರೂಪಿನಲ್ಲಿರುವ ಎಷ್ಟೋ ದೊಡ್ಡವರಿಗೆ ಇನ್ನೂ ಬಂದಿಲ್ಲ.

ಹೆಜ್ಜೆ 2: ಅವರೇ ನಿಯಮ ಮಾಡಲಿ, ಅವರೇ ಅನುಭವಿಸಲಿ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ನೋಟ್‌ಬುಕ್ ತನ್ನಿ. ಮೇಲೆ "ನಮ್ಮ ನಿಯಮ" ಅಂತ ಬರೆಸಿ. ಐದಕ್ಕಿಂತ ಜಾಸ್ತಿ ನಿಯಮ ಬೇಡ. ಮನೆಯಲ್ಲಾದರೆ ಟಿವಿ, ಊಟದ ತಟ್ಟೆ, ಮೊಬೈಲ್, ಚಪ್ಪಲಿ ಇಡುವ ಜಾಗ ಸಾಕು. ಪ್ರತಿ ನಿಯಮದ ಪಕ್ಕ "ಯಾಕೆ" ಅನ್ನುವುದೂ ಇರಲಿ. ಬರೆಯಲು ಬಾರದವರು ಚಿತ್ರ ಬಿಡಿಸಲಿ.

ಚಿಕ್ಕ ಮಕ್ಕಳು ನಿಯಮ ಮಾಡಿದರೆ ಭಯಂಕರವಾಗಿರುತ್ತದೆ, ಇದಕ್ಕೆ ತಯಾರಾಗಿರಿ. ನಮ್ಮಲ್ಲಿ ಪುಸ್ತಕದ ಹಾಳೆ ಹರಿದರೆ ಏನು ಶಿಕ್ಷೆ ಅಂತ ಕೇಳಿದೆ. "ನೂರು ಬಸ್ಕಿ!" ಅಂದಳು ಮೂರನೇ ಕ್ಲಾಸಿನವಳು. "ಮತ್ತೆ ಲೈಬ್ರರಿಗೆ ಬರಲೇಬಾರದು!" ಅಂದ ಇನ್ನೊಬ್ಬ. ನಾನು ತಡೆಯಲಿಲ್ಲ. ನೂರು ಬಸ್ಕಿ ಅಂತಲೇ ಬರೆದುಕೊಂಡೆವು.

ನಾಲ್ಕು ದಿನ ಆಗಿರಲಿಲ್ಲ. ಪ್ರಾಣಿಗಳ ಚಿತ್ರದ ಪುಸ್ತಕ ಇಬ್ಬರ ಕೈಯಲ್ಲಿ ಎಳೆದಾಡಿ ಆನೆಯ ಹಾಳೆ ಸೊಂಡಿಲ ಹತ್ತಿರ ಸೀಳಿತು. ಎಳೆದವರಲ್ಲಿ ಒಬ್ಬಳು ನೂರು ಬಸ್ಕಿಯ ಹುಡುಗಿಯೇ. ಎಲ್ಲರೂ ನನ್ನ ಮುಖ ನೋಡಿದರು. ಅವಳು ಕಿವಿ ಹಿಡಿದು ಶುರು ಮಾಡಿಯೇ ಬಿಟ್ಟಳು. ಹನ್ನೆರಡಕ್ಕೆ ನಾನೇ ನಿಲ್ಲಿಸಿದೆ. "ಈ ಬಸ್ಕಿಯಿಂದ ಆನೆ ಸರಿ ಹೋಯ್ತಾ?" ಅಂತ ಕೇಳಿದೆ. ಇಲ್ಲ ಅಂದರು. ನೋಟ್‌ಬುಕ್ ತೆಗೆದೆವು. ಹಳೇ ನಿಯಮಕ್ಕೆ ಒಂದು ಗೆರೆ ಎಳೆದು, ಕೆಳಗೆ ಹೊಸದು ಬರೆದೆವು: "ಹರಿದವರು ಅಂಟಿಸಬೇಕು. ಬೇಕು ಅಂತ ಹರಿದಿದ್ದರೆ ಒಂದು ವಾರ ಪುಸ್ತಕ ಜೋಡಿಸಬೇಕು." ಕೆಳಗೆ ತಾರೀಕು ಹಾಕಿದೆವು.

ಹಳೇ ನಿಯಮವನ್ನು ಪೂರ್ತಿ ಅಳಿಸಬೇಡಿ. ಗೆರೆ ಎಳೆದರೂ ಓದಲು ಬರುವಂತಿರಲಿ. ನಿಯಮವನ್ನು ಮನುಷ್ಯರೇ ಮಾಡುವುದು, ತಪ್ಪಾಗಬಹುದು, ಸೇರಿ ತಿದ್ದಬಹುದು ಅಂತ ಆ ಪುಟ ನೋಡಿದರೇ ಗೊತ್ತಾಗುತ್ತದೆ. ನಮ್ಮ ಸಂವಿಧಾನವನ್ನು 1949ರ ನವೆಂಬರ್ 26ರಂದು ಒಪ್ಪಿಕೊಂಡು, 1950ರ ಜನವರಿ 26ರಿಂದ ಜಾರಿಗೆ ತಂದರು. ಅದನ್ನೂ ನೂರಕ್ಕಿಂತ ಹೆಚ್ಚು ಸಲ ತಿದ್ದಿದ್ದಾರೆ. ವೋಟು ಹಾಕುವ ವಯಸ್ಸು ಮೊದಲು 21 ಇತ್ತು, ತಿದ್ದುಪಡಿ ಮಾಡಿ 18ಕ್ಕೆ ಇಳಿಸಿದರು. ಇದನ್ನು ಕೇಳಿದ ಒಬ್ಬ "ಹತ್ತಕ್ಕೆ ಇಳಿಸೋದು ಯಾವಾಗ?" ಅಂದ. ಸದ್ಯಕ್ಕಿಲ್ಲಪ್ಪಾ ಅಂದೆ.

ಮನೆಯವರಿಗೆ ಒಂದು ಕಿವಿಮಾತು. ಆ ನಿಯಮ ನಿಮಗೂ ಅನ್ವಯಿಸಬೇಕು. ಊಟದ ಹೊತ್ತಿಗೆ ಮೊಬೈಲ್ ಇಲ್ಲ ಅಂತ ಬರೆದ ಮೇಲೆ ಅಪ್ಪನಿಗೆ ಕಾಫಿ ರೇಟು ನೋಡಲು ಮಾತ್ರ ಬಿಡುಗಡೆ ಅಂದರೆ ಆಟ ಅಲ್ಲಿಗೇ ಮುಗಿಯಿತು.

ಹೆಜ್ಜೆ 3: ಊರು ಸುತ್ತಿ, ಯಾವುದು ಯಾರದ್ದು ಹುಡುಕಿ

ಬಿಸಿಲಿನ ಒಂದು ಶನಿವಾರ ಸಾಕು. ಮಕ್ಕಳ ಕೈಗೆ ಮೂರು ಬಣ್ಣದ ಕ್ರೇಯಾನ್ ಕೊಡಿ. ಪಂಚಾಯಿತಿಗೆ ಹಸಿರು, ರಾಜ್ಯ ಸರ್ಕಾರಕ್ಕೆ ನೀಲಿ, ಕೇಂದ್ರ ಸರ್ಕಾರಕ್ಕೆ ಕೇಸರಿ. ಕಂಡದ್ದನ್ನೆಲ್ಲ ಬಿಡಿಸಿ ಬಣ್ಣ ಹಾಕಲಿ. ಬೀದಿದೀಪ, ನಲ್ಲಿ ನೀರು, ಕಸದ ಗಾಡಿ ಹಸಿರು. ಕೆಎಸ್‌ಆರ್‌ಟಿಸಿ ಬಸ್ಸು, ಸರ್ಕಾರಿ ಶಾಲೆ, ಪೊಲೀಸ್ ಠಾಣೆ ನೀಲಿ. ಅಂಚೆ ಕಚೇರಿ ಕೇಸರಿ. ಕಾಫಿ ಬೋರ್ಡ್ ಕೂಡ ಕೇಂದ್ರದ್ದೇ, ಚೆಟ್ಟಳ್ಳಿಯಲ್ಲಿ ಅದರ ಸಂಶೋಧನಾ ಉಪಕೇಂದ್ರ ಇದೆ. ರೈಲಿಗೆ ಕೇಸರಿ ಹಾಕಲು ಹೊರಟವರಿಗೆ ಕೊಡಗಿನಲ್ಲಿ ರೈಲೇ ಇಲ್ಲ ಅಂತ ನೆನಪು ಮಾಡಬೇಕಾಗುತ್ತದೆ.

ರಸ್ತೆ ಹೊಂಡದಲ್ಲಿ ಒಳ್ಳೆ ಪಾಠ ಇದೆ. 275ನೇ ರಾಷ್ಟ್ರೀಯ ಹೆದ್ದಾರಿಯ ಹೊಂಡ ಒಬ್ಬರದು, ಊರೊಳಗಿನ ರಸ್ತೆಯ ಹೊಂಡ ಇನ್ನೊಬ್ಬರದು. ಕರೆಂಟ್ ಹೋದರೆ ಪಂಚಾಯಿತಿಯವರಿಗೆ ಬೈದು ಪ್ರಯೋಜನವಿಲ್ಲ, ಕೇಳಬೇಕಾದ್ದು ವಿದ್ಯುತ್ ಕಂಪನಿ ಚೆಸ್ಕಾಂನವರನ್ನು. ತೋಟಕ್ಕೆ ಕಾಡಾನೆ ಬಂದರೆ ಅರಣ್ಯ ಇಲಾಖೆ. ದೂರು ಎಲ್ಲಿ ಕೊಡಬೇಕು ಅಂತ ಗೊತ್ತಿರುವುದು ಅರ್ಧ ಪೌರಶಾಸ್ತ್ರ ಅಂತ ನನ್ನ ಲೆಕ್ಕ.

ಪಂಚಾಯಿತಿ ಒಳಗೂ ಕರೆದುಕೊಂಡು ಹೋಗಿ. ಸುಮಾರು 400 ಜನಕ್ಕೆ ಒಬ್ಬ ಸದಸ್ಯರು, ಅವರನ್ನು ನಾವು ಆರಿಸುತ್ತೇವೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ನಾವು ಆರಿಸುವುದಿಲ್ಲ, ಅವರು ಸರ್ಕಾರಿ ನೌಕರರು. ಈ ಒಂದು ವ್ಯತ್ಯಾಸ ತಿಳಿದರೆ ಮುಂದೆ ಶಾಸಕರು ಯಾರು, ಡಿಸಿ ಯಾರು ಅನ್ನುವುದು ತಾನಾಗಿ ಬರುತ್ತದೆ.

ಹೆಜ್ಜೆ 4: ವೋಟಿಗೆ ಹಾಕಬಹುದಾದ್ದು, ಹಾಕಬಾರದ್ದು

ಎರಡು ತೆಂಗಿನ ಚಿಪ್ಪು, ಒಂದು ಬಟ್ಟೆ ಪರದೆ, ಹಿಡಿಯಷ್ಟು ಕಾಫಿ ಬೀಜ. ಒಬ್ಬರಿಗೆ ಒಂದೇ ಬೀಜ. ಶುಕ್ರವಾರ ಕಥೆಯಾ, ಕೇರಂ ಬೋರ್ಡಾ? ಪರದೆ ಹಿಂದೆ ಹೋಗಿ ಬೇಕಾದ ಚಿಪ್ಪಿಗೆ ಹಾಕಿ ಬರಬೇಕು. ಯಾರು ಎಲ್ಲಿ ಹಾಕಿದರು ಅಂತ ಕೇಳುವ ಹಾಗಿಲ್ಲ. ಎಸ್ಟೇಟ್ ಓನರ್ ಮಗಳಿಗೂ ಒಂದೇ ಬೀಜ, ಲೈನ್ ಮನೆ ಹುಡುಗನಿಗೂ ಒಂದೇ. ಚುನಾವಣೆ ದಿನ ಅಮ್ಮನ ಜೊತೆ ಬೂತಿನ ತನಕ ಹೋಗಿ ಸಾಲು ನೋಡಿದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ಮೂರು ವಾರ ಹನ್ನೊಂದು ನಾಲ್ಕರಿಂದ ಕೇರಂ ಗೆದ್ದಿತು. ಕಥೆ ಬೇಕು ಅಂದ ನಾಲ್ವರೂ ಚಿಕ್ಕವರು. ಅವರಲ್ಲಿ ಒಬ್ಬಳು ಬೀಜ ವಾಪಸ್ ಕೊಟ್ಟು "ನಂಗೆ ವೋಟು ಬೇಡ, ಹೇಗೂ ಸೋಲ್ತೇವೆ" ಅಂದಳು. ದೊಡ್ಡವರ ಜೊತೆ ಅದನ್ನೇ ಮಾತಿಗೆ ತೆಗೆದೆ. ಯಾವಾಗಲೂ ಸೋಲುವವರು ಆಟ ಬಿಟ್ಟೇ ಹೋದರೆ ಏನು ಮಾಡೋಣ? ಅರ್ಧ ಗಂಟೆ ಗಲಾಟೆ. ಕೊನೆಗೆ ನಾಲ್ಕನೇ ಶುಕ್ರವಾರ ಕಥೆಗೆ ಮೀಸಲು ಅಂತ ನೋಟ್‌ಬುಕ್ಕಿಗೆ ಬಂತು. ಮೀಸಲು ಅನ್ನುವ ಪದ ನಾನು ಹೇಳಿಕೊಟ್ಟದ್ದಲ್ಲ, ಬಸ್ಸಿನ ಸೀಟಿನ ಮೇಲೆ ಓದಿದ್ದರು.

ಇನ್ನೊಂದು ದಿನ ಒಬ್ಬ ಹುಡುಗ, "ಕನ್ನಡ ಸರಿ ಬರದವರು ಹಿಂದೆ ಕೂರಬೇಕು, ವೋಟು ಹಾಕುವ" ಅಂದ. ನಾನು ಚಿಪ್ಪು ಎತ್ತಿಟ್ಟೆ. ಇಂಥದ್ದನ್ನು ವೋಟಿಗೆ ಹಾಕುವಂತಿಲ್ಲ ಅಂದೆ. ಹದಿನಾಲ್ಕು ಜನ ಒಪ್ಪಿದರೂ ಹದಿನೈದನೆಯವನನ್ನು ಕೀಳು ಮಾಡುವ ನಿಯಮ ನಡೆಯುವುದಿಲ್ಲ, ಯಾಕೆಂದರೆ ಅದಕ್ಕಿಂತ ದೊಡ್ಡ ನಿಯಮ ಮೊದಲೇ ಬರೆದಿಟ್ಟಿದ್ದಾರೆ. ಶಾಲೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಒಂದೇ ಉಸಿರಿಗೆ ಹೇಳುತ್ತಾರೆ, ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಅಂತ. ಬಾಯಿಪಾಠ ಕೆಟ್ಟದ್ದೇನಲ್ಲ. ಆದರೆ ಸಮಾನತೆ ಅಂದರೆ ಯಾವ ಬೆಂಚಿನಲ್ಲಿ ಯಾರು ಕೂರುತ್ತಾರೆ ಅನ್ನುವ ವಿಷಯ ಅಂತ ಆ ದಿನ ಗೊತ್ತಾಯಿತು. ಆ ಹುಡುಗನನ್ನು ಬೈಯಲಿಲ್ಲ. ಎಲ್ಲೋ ಕೇಳಿದ್ದನ್ನು ಹೇಳಿದ್ದ, ಅಷ್ಟೇ. ಅವನ ಅಜ್ಜಿಗೂ ಕನ್ನಡ ಅಷ್ಟಕ್ಕಷ್ಟೆ. ಅದನ್ನು ಅವನೇ ನೆನಪು ಮಾಡಿಕೊಂಡು ಸುಮ್ಮನಾದ.

ಒಂಬತ್ತು ಹತ್ತು ವರ್ಷದವರಿಗೆ ಇದೇ ಹೊತ್ತಿಗೆ ನಮ್ಮ ಜಿಲ್ಲೆಯ ಕಥೆ ಹೇಳಿ, ಕಣ್ಣರಳಿಸಿ ಕೇಳುತ್ತಾರೆ. 1950ರಿಂದ 1956ರವರೆಗೆ ಕೊಡಗು ಒಂದು ರಾಜ್ಯವಾಗಿತ್ತು. 1952ರ ಚುನಾವಣೆಯ ನಂತರ 24 ಶಾಸಕರಿದ್ದರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಈಗ ವಿಧಾನಸಭೆಯ 224 ಸ್ಥಾನಗಳಲ್ಲಿ ನಮ್ಮವು ಎರಡು, ಮಡಿಕೇರಿ ಮತ್ತು ವಿರಾಜಪೇಟೆ. "24 ಹೋಗಿ 2 ಆಯ್ತಾ?" ಅಂತ ಕೇಳಿಯೇ ಕೇಳುತ್ತಾರೆ. ಜನಸಂಖ್ಯೆ ನೋಡಿ ಸ್ಥಾನ ಹಂಚುತ್ತಾರೆ, 2011ರ ಜನಗಣತಿಯಲ್ಲಿ ನಾವು ಸುಮಾರು ಐದೂವರೆ ಲಕ್ಷ ಅಂತ ಹೇಳಿ. ಸೇರಿದ್ದು ಸರಿಯಾ ತಪ್ಪಾ ಅನ್ನುವುದಕ್ಕೆ ಅಜ್ಜನ ಹತ್ತಿರ ಕಳಿಸಿ. ಇಬ್ಬರು ಅಜ್ಜಂದಿರು ಎರಡು ಥರ ಹೇಳಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 5: ಶಿಕ್ಷೆ ಅಂದರೇನು? ಹಾಕಿ ಮೈದಾನಕ್ಕೆ ಹೋಗಿ

ಕೊಡಗಿನಲ್ಲಿ ಇದಕ್ಕೆ ಬೇರೆ ಸಲಕರಣೆ ಬೇಡ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ, ಕೊಡವ ಮನೆತನಗಳು ಆಡುವ ಕೌಟುಂಬಿಕ ಹಾಕಿ ನೋಡಿ ಬೆಳೆದ ಮಕ್ಕಳು ಇವರು. ಹಸಿರು ಕಾರ್ಡ್ ಅಂದರೆ ಎರಡು ನಿಮಿಷ ಹೊರಗೆ. ಹಳದಿಗೆ ಕಡಿಮೆ ಅಂದರೆ ಐದು ನಿಮಿಷ. ಕೆಂಪು ಕಾರ್ಡಿಗೆ ಆ ಪಂದ್ಯ ಮುಗಿಯಿತು. ತಪ್ಪಿನ ಅಳತೆಗೆ ಶಿಕ್ಷೆಯ ಅಳತೆ. ಸಣ್ಣ ತಪ್ಪು ಮಾಡಿದವನು ಮತ್ತೆ ಒಳಗೆ ಬರುತ್ತಾನೆ. ಅಂಪೈರ್ ತನ್ನ ಒಕ್ಕದ (ಮನೆತನದ) ತಂಡಕ್ಕೆ ಬೇರೆ ನಿಯಮ ಮಾಡುವಂತಿಲ್ಲ. ಅಂಪೈರ್ ತಪ್ಪು ಮಾಡಿದರೆ? ಸ್ಟಿಕ್ ಬಿಸಾಡುವುದಲ್ಲ, ಕ್ಯಾಪ್ಟನ್ ಹೋಗಿ ಕೇಳಬೇಕು. ಕೋರ್ಟು, ಅಪೀಲು ಎಲ್ಲಾ ಇಲ್ಲೇ ಮುಗಿಯುತ್ತದೆ.

ಕಾನೂನು ಬದಲಾದರೆ ಪದ್ಧತಿ ಏನಾಗುತ್ತದೆ ಅಂತ ಕೇಳಿದರೆ ಕೊಡವರ ಆಯುಧದ ಹಬ್ಬ ಕೈಲ್‌ಪೊಳ್ದ್ ಇದೆ. ಹಿಂದೆ ಆಯುಧಪೂಜೆ ಆದ ಮೇಲೆ ಬೇಟೆಗೆ ಹೋಗುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಕೋವಿಗೆ ಪೂಜೆ ಉಳಿದಿದೆ, ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ ಉಳಿದಿದೆ. ಅಜ್ಜ ಬೇಟೆಯ ಕಥೆ ಹೇಳಿದರೆ ಹೇಳಲಿ, ಆಗ ಅದು ತಪ್ಪಾಗಿರಲಿಲ್ಲ. ಆದರೆ ಮನೆಯಲ್ಲಿ ಕೋವಿ ಇದ್ದರೆ ಒಂದು ನಿಯಮಕ್ಕೆ ಚರ್ಚೆ, ವೋಟು ಯಾವುದೂ ಇಲ್ಲ: ಮಕ್ಕಳು ಮುಟ್ಟುವ ಹಾಗಿಲ್ಲ, ಕೋವಿ ಬೀಗದೊಳಗೇ ಇರಬೇಕು.

ಹೆಜ್ಜೆ 6: ಪೊಲೀಸರನ್ನು ಗುಮ್ಮ ಮಾಡಬೇಡಿ

ಈ ತಪ್ಪು ನಾನೇ ಮಾಡಿದ್ದೇನೆ. ಮಗಳಿಗೆ ಐದು ವರ್ಷ ಇದ್ದಾಗ ಊಟ ಮಾಡದಿದ್ದರೆ "ಪೊಲೀಸ್ ಮಾಮನಿಗೆ ಹಿಡಿದು ಕೊಡ್ತೇನೆ" ಅನ್ನುತ್ತಿದ್ದೆ. ಆ ವರ್ಷ ಮಡಿಕೇರಿ ದಸರಾಕ್ಕೆ ದಶಮಂಟಪ (ಹತ್ತು ದೇವಸ್ಥಾನಗಳ ಮಂಟಪ ಮೆರವಣಿಗೆ) ನೋಡಲು ಹೋಗಿದ್ದೆವು. ರಾತ್ರಿ ಒಂದು ಗಂಟೆ ಇರಬಹುದು, ಜನವೋ ಜನ. ಕೈ ಬಿಟ್ಟದ್ದು ಯಾವಾಗ ಅಂತ ಗೊತ್ತಾಗಲಿಲ್ಲ. ಇಪ್ಪತ್ತು ನಿಮಿಷ ಹುಡುಕಿದೆವು. ಅವಳು ಬಲೂನ್ ಮಾರುವವನ ಸೈಕಲ್ ಹಿಂದೆ ಕೂತಿದ್ದಳು. ಹತ್ತು ಹೆಜ್ಜೆ ದೂರದಲ್ಲಿ ಇಬ್ಬರು ಪೊಲೀಸರು ನಿಂತಿದ್ದರು. ಯಾಕೆ ಅವರ ಹತ್ತಿರ ಹೋಗಲಿಲ್ಲ ಅಂದರೆ, "ನಾನು ಮಧ್ಯಾಹ್ನ ಅನ್ನ ಬಿಟ್ಟಿದ್ದೆ" ಅಂದಳು.

ಹಾಗಾಗಿ ಸಹಾಯ ಕೇಳುವುದನ್ನು ಮೊದಲು ಕಲಿಸಿ. ಪೊಲೀಸ್, ಬೆಂಕಿ, ಆ್ಯಂಬುಲೆನ್ಸ್ ಯಾವುದಕ್ಕೂ 112. ಮಕ್ಕಳಿಗೆ ಯಾರಾದರೂ ತೊಂದರೆ ಕೊಟ್ಟರೆ 1098. ಸ್ವಿಚ್ ಆಫ್ ಮಾಡಿದ ಹಳೇ ಫೋನಿನಲ್ಲಿ ಒತ್ತಿಸಿ ಅಭ್ಯಾಸ ಮಾಡಿಸಿ. ತನ್ನ ಹೆಸರು, ಊರು, ಅಪ್ಪ ಅಮ್ಮನ ಹೆಸರು ಪೂರ್ತಿ ಹೇಳಲು ಬರಬೇಕು. ಕರ್ನಾಟಕ ಪೊಲೀಸರ "ತೆರೆದ ಮನೆ" ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳನ್ನು ಠಾಣೆಗೆ ಕರೆಯುತ್ತಾರೆ. ನಿಮ್ಮ ಶಾಲೆಯವರು ಹೋಗಿಲ್ಲದಿದ್ದರೆ ಕೇಳಿ. ನಮ್ಮ ಮಕ್ಕಳು ಹೋಗಿ ಬಂದು ವಾಕಿಟಾಕಿಯ ಬಗ್ಗೆ ಒಂದು ವಾರ ಮಾತಾಡಿದರು.

ಹೆಜ್ಜೆ 7: ಇದು ನಮಗೆ

ತೋಟದ ಜೀಪನ್ನು ಹನ್ನೆರಡು ವರ್ಷದ ಹುಡುಗ ಓಡಿಸುವುದು ನಮ್ಮ ಕಡೆ ಹೆಮ್ಮೆಯ ವಿಷಯ. ಗೇಟು ದಾಟಿ ರಸ್ತೆಗೆ ಬಂದರೆ ಅದು ಅಪರಾಧ. ಮೋಟಾರು ವಾಹನ ಕಾಯ್ದೆಯಲ್ಲಿ ತಂದೆತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ನಾಲ್ಕು ವರ್ಷ ದಾಟಿದ ಮಗುವಿಗೂ ಸ್ಕೂಟರಿನಲ್ಲಿ ಹೆಲ್ಮೆಟ್ ಕಡ್ಡಾಯ. "ಇವತ್ತು ಚೆಕಿಂಗ್ ಇಲ್ಲ, ಬಾ" ಅಂತ ಹೆಲ್ಮೆಟ್ ಮನೆಯಲ್ಲೇ ಬಿಟ್ಟು ಹೊರಟರೆ ಮೇಲಿನ ಆರು ಹೆಜ್ಜೆಯೂ ನೀರುಪಾಲು. ಪ್ರವಾಸಿಗರು ಕಸ ಎಸೆಯುತ್ತಾರೆ ಅಂತ ಬೈಯುತ್ತೇವೆ, ಸರಿ. ನಮ್ಮ ಮದುವೆ ಊಟದ ಪ್ಲಾಸ್ಟಿಕ್ ಲೋಟ ಎಲ್ಲಿಗೆ ಹೋಗುತ್ತದೆ ಅಂತ ಮಕ್ಕಳು ನೋಡುತ್ತಲೇ ಇರುತ್ತಾರೆ.

ನೀವು ತಪ್ಪಿದ್ದನ್ನು ಮಗು ಹಿಡಿದರೆ ಒಪ್ಪಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ಏನು ಬರೆದಿದೆಯೋ ಅದನ್ನು ಮಾಡಿ. ನಾನು ಎರಡು ಸಲ ಪುಸ್ತಕ ಜೋಡಿಸಿದ್ದೇನೆ.

ಹೆಜ್ಜೆ 8: ಮಕ್ಕಳ ಗ್ರಾಮಸಭೆ

ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಆಗಬೇಕು. ತಾರೀಕು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಎಷ್ಟೋ ಕಡೆ ಭಾಷಣ, ಬಿಸ್ಕೆಟ್, ಫೋಟೋದಲ್ಲಿ ಮುಗಿದು ಹೋಗುತ್ತದೆ. ಹಾಗಾಗದಿರಲು ಮಕ್ಕಳು ಒಂದೇ ಒಂದು ವಿಷಯ ಹಿಡಿದುಕೊಂಡು ಹೋಗಲಿ, ಬರವಣಿಗೆಯಲ್ಲಿ. ಹತ್ತು ಬೇಡಿಕೆ ಇಟ್ಟರೆ ಹತ್ತೂ ಮರೆತುಹೋಗುತ್ತವೆ.

ನಮ್ಮವರು ಬರೆದದ್ದು ಬಸ್‌ಸ್ಟಾಪಿನ ಹತ್ತಿರ ಕೆಟ್ಟ ದೀಪದ ಬಗ್ಗೆ. ಎಷ್ಟನೇ ಕಂಬ, ಎಷ್ಟು ದಿನದಿಂದ ಉರಿಯುತ್ತಿಲ್ಲ, ಆ ಹೊತ್ತಿಗೆ ಎಷ್ಟು ಮಕ್ಕಳು ಟ್ಯೂಷನ್ ಮುಗಿಸಿ ಬರುತ್ತಾರೆ ಅಂತ ಎಣಿಸಿ ಬರೆದಿದ್ದರು. ನಾನು ಕಾಗುಣಿತ ಮಾತ್ರ ತಿದ್ದಿದೆ. ಕೊಟ್ಟ ಮೇಲೆ ಸ್ವೀಕೃತಿ ಕೇಳಿ ಪಡೆಯಬೇಕು, ಸೀಲು ಮತ್ತು ತಾರೀಕು ನೋಡಬೇಕು ಅಂತ ಹೇಳಿಕೊಟ್ಟಿದ್ದೆ. ನಾನು ಹಿಂದೊಮ್ಮೆ ಒಂದು ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯದೆ ಬಂದು, ನಾಲ್ಕು ತಿಂಗಳ ನಂತರ "ಯಾವ ಅರ್ಜಿ?" ಅನ್ನಿಸಿಕೊಂಡವಳು.

ದೀಪ ಒಂದೂವರೆ ತಿಂಗಳಿಗೆ ಬಂತು. ಅಲ್ಲಿಯವರೆಗೆ ಸೀಲು ಬಿದ್ದ ಆ ಚೀಟಿಯನ್ನು ಬಿಸಿಯೂಟದ ಹುಡುಗ ತನ್ನ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದ. ಪ್ರತಿ ಸೋಮವಾರ ಪಂಚಾಯಿತಿ ಬಾಗಿಲಲ್ಲಿ ನಿಂತು ತೆಗೆದು ತೋರಿಸುತ್ತಿದ್ದ.